ದಂಡ ಬರೆದ ಮೇಲೆ ಬಸ್ ಎಲ್ಲಿ?

1988ರ ಮೋಟಾರು ವಾಹನಗಳ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿಕೊಂಡ 194ಎ ಕಲಂನಲ್ಲಿ ಇರುವುದು ಎರಡೇ ಮಾತು. ಪರವಾನಗಿಯಲ್ಲಿ ಬರೆದಿದ್ದಕ್ಕಿಂತ ಹೆಚ್ಚು ಜನರನ್ನು ತುಂಬಿಕೊಂಡು ಸಾರಿಗೆ ವಾಹನ ಓಡಿಸಿದರೆ, ಓಡಿಸಲು ಕಾರಣವಾದರೆ ಅಥವಾ ಓಡಲು ಬಿಟ್ಟರೆ, ಹೆಚ್ಚಿನ ತಲೆಗೆ 200 ರೂಪಾಯಿ ದಂಡ ಎಂಬುದು ಮೊದಲನೆಯದು. ಆ ಹೆಚ್ಚಿನ ಜನರನ್ನು ಇಳಿಸಿ, ಅವರಿಗೆ ಬೇರೆ ವಾಹನದ ವ್ಯವಸ್ಥೆ ಆಗುವ ತನಕ ಗಾಡಿ ಅಲ್ಲಿಂದ ಕದಲುವಂತಿಲ್ಲ ಎಂಬುದು ಎರಡನೆಯದು. ವಿಜಯಪುರ, ತಿಕೋಟಾ, ಬಬಲೇಶ್ವರದ ರಸ್ತೆಗಳಲ್ಲಿ ಕ್ರೂಸರ್ ಜೀಪ್ ಅಥವಾ ಟಂಟಂ ಆಟೊ ತಡೆದು ನಿಲ್ಲಿಸಿದಾಗ ಜಾರಿಗೆ ಬರುವುದು ಮೊದಲ ಮಾತು ಮಾತ್ರ. ರಸೀದಿ ಹರಿದ ಮೇಲೆ ಅದೇ ಗಾಡಿ, ಅಷ್ಟೇ ಜನರನ್ನು ಹೊತ್ತುಕೊಂಡು ಮುಂದೆ ಹೋಗುತ್ತದೆ. ಇಲ್ಲವೇ ಒಂದಷ್ಟು ಜನ ರಸ್ತೆ ಬದಿಯಲ್ಲಿ ಬುತ್ತಿಗಂಟು ಹಿಡಿದು ನಿಲ್ಲುತ್ತಾರೆ. ಬೇರೆ ವಾಹನ ಬರುವುದಿಲ್ಲ. ಕಾನೂನಿನ ಅರ್ಧವನ್ನಷ್ಟೇ ಜಾರಿ ಮಾಡುವುದನ್ನು ಕಾನೂನು ಜಾರಿ ಎಂದು ಕರೆಯುವುದು ಸರಿಯಲ್ಲ ಎನ್ನುವುದೇ ಈ ಬರಹದ ವಾದ.

ಅಥಣಿ ರಸ್ತೆಯನ್ನೇ ನೋಡಿ. ವಿಜಯಪುರದಿಂದ ಪಶ್ಚಿಮಕ್ಕೆ ಹೊರಟರೆ ಮೊದಲು ತೊರವಿ ಸಿಗುತ್ತದೆ. 2003ರಲ್ಲಿ ಆರಂಭವಾದ ಮಹಿಳಾ ವಿಶ್ವವಿದ್ಯಾಲಯ, ಇಂದಿನ ಕರ್ನಾಟಕ ರಾಜ್ಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ಇರುವುದು ಅಲ್ಲೇ. ಮುಂದೆ ತಿಕೋಟಾ. ನೈರುತ್ಯಕ್ಕೆ ಸಾರವಾಡ ದಾಟಿ ಹೋದರೆ ಬಬಲೇಶ್ವರ. ಈ ಎರಡೂ ಊರುಗಳನ್ನು 2017ರ ಬಜೆಟ್‌ನಲ್ಲಿ ತಾಲ್ಲೂಕು ಕೇಂದ್ರಗಳೆಂದು ಘೋಷಿಸಲಾಯಿತು. ಆದರೂ ಕಾಲೇಜಿಗೆ, ಜಿಲ್ಲಾ ಆಸ್ಪತ್ರೆಗೆ, ದೊಡ್ಡ ಪೇಟೆಗೆ ಜನ ಇಂದಿಗೂ ವಿಜಯಪುರಕ್ಕೇ ಬರಬೇಕು. ರೈಲು ಹಳಿ ಈ ಎರಡೂ ಊರುಗಳನ್ನು ಮುಟ್ಟಿಲ್ಲ, ಗದಗ–ಹೋಟಗಿ ಮಾರ್ಗ ವಿಜಯಪುರ ನಗರವನ್ನಷ್ಟೇ ಹಾಯ್ದು ಹೋಗುತ್ತದೆ. ಹೀಗಾಗಿ ಬೆಳಗಿನ ಎಂಟರಿಂದ ಹತ್ತರವರೆಗೆ ಇಡೀ ಭಾರ ಬೀಳುವುದು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸಿನ ಮೇಲೆ. ಆ ಹೊತ್ತಿನ ಬಸ್ಸಿನ ಹಿಂಬಾಗಿಲು ಹೇಗಿರುತ್ತದೆ? ಕೆಳಗಿನ ಮೆಟ್ಟಿಲ ಮೇಲೆ ಒಂದೇ ಪಾದ ಊರಿದ ಹುಡುಗ, ಕಂಬಿಗೆ ಸುತ್ತಿದ ಒಂದು ತೋಳು, ಬಾಗಿಲಿನಾಚೆ ಗಾಳಿಯಲ್ಲಿ ತೂಗುವ ಪುಸ್ತಕದ ಚೀಲ. ಒಳಗಿನಿಂದ ಕಂಡಕ್ಟರ್ 'ಮುಂದ ಸರೀರಿ, ಒಳಗ ಜಾಗಾ ಐತಿ' ಎನ್ನುತ್ತಲೇ ಇರುತ್ತಾರೆ. ಒಳಗೆ ಜಾಗ ಇಲ್ಲವೆಂಬುದು ಅವರಿಗೂ ಗೊತ್ತು, ಹುಡುಗನಿಗೂ ಗೊತ್ತು. ಆ ಹುಡುಗನ ಕಿಸೆಯಲ್ಲಿ ನಿಗಮವೇ ಹಣ ಪಡೆದು ಕೊಟ್ಟ ವಿದ್ಯಾರ್ಥಿ ಪಾಸ್ ಇರುತ್ತದೆ.

ಆತ ಮಾಡುತ್ತಿರುವುದು ಅಪರಾಧವೇ? ಹೌದು. ಕಾಯ್ದೆಯ 123ನೇ ಕಲಂ ಪ್ರಕಾರ ಮೆಟ್ಟಿಲ ಮೇಲೆ, ಛಾವಣಿ ಮೇಲೆ, ಬಾನೆಟ್ ಮೇಲೆ ಪ್ರಯಾಣ ಮಾಡುವಂತಿಲ್ಲ. ಆದರೆ ಆ ಕಲಂನ ಕ್ರಮ ಗಮನಿಸಬೇಕು. ವಾಹನ ನಡೆಸುವವರು ಹಾಗೆ ಜನರನ್ನು ಸಾಗಿಸಬಾರದು, ಸಾಗಲು ಬಿಡಬಾರದು ಎಂಬುದು ಅದರ ಮೊದಲ ಉಪಕಲಂ. ಪ್ರಯಾಣಿಕನ ಸರದಿ ಬರುವುದು ಎರಡನೆಯದರಲ್ಲಿ. 194ಎ ಕಲಂ ಇನ್ನೂ ಸ್ಪಷ್ಟ. ಅದು ಹಿಡಿಯುವುದು ಚಾಲಕನನ್ನು, ಹಾಗೂ 'ಕಾರಣವಾದ, ಬಿಟ್ಟ' ಪ್ರತಿಯೊಬ್ಬರನ್ನು. ಯಾವ ಹೊತ್ತಿಗೆ ಎಷ್ಟು ಬಸ್ ಎಂದು ವೇಳಾಪಟ್ಟಿ ಬರೆಯುವವರು ಈ ಮಾತಿನ ಹೊರಗೆ ಉಳಿಯಬೇಕೆಂದು ಕಾನೂನು ಎಲ್ಲಿಯೂ ಹೇಳಿಲ್ಲ. ಈ ಭಾಗದಲ್ಲಿ ಮಾರ್ಗಗಳು ನಿಗಮದ ಪಾಲಿಗಿವೆ. ಕರಾವಳಿಯಂತೆ ಹತ್ತು ನಿಮಿಷಕ್ಕೊಂದು ಖಾಸಗಿ ಬಸ್ಸಿನ ಪೈಪೋಟಿ ಇಲ್ಲಿಲ್ಲ. ಬೇರೆಯವರು ಓಡಿಸುವಂತಿಲ್ಲ ಎಂಬ ಹಕ್ಕು ಪಡೆದ ಸಂಸ್ಥೆಗೆ, ತಾನಾದರೂ ಸಾಲುವಷ್ಟು ಓಡಿಸಬೇಕೆಂಬ ಹೊಣೆಯೂ ಅಂಟಿಕೊಂಡಿರುತ್ತದೆ. ಆದರೂ ರಸ್ತೆಯಲ್ಲಿ ದಂಡದ ಯಂತ್ರ ಹೊರಬರುವುದು ಹೆಚ್ಚಾಗಿ ಟಂಟಂ ಮುಂದೆ. ನಿಗಮದ ಬಸ್ ನಿಲ್ಲಿಸಿ ತಲೆ ಎಣಿಸುವ ದೃಶ್ಯ ಅಪರೂಪ.

ತಿಕೋಟಾ ಸುತ್ತಲಿನ ದ್ರಾಕ್ಷಿ ತೋಟಗಳ ಸಂಗತಿ ಇನ್ನೂ ಕಠಿಣ. ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್ ಹೊತ್ತಿಗೊಮ್ಮೆ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಆಮೇಲೆ ಕಾಯಿ ತೆಳುಗೊಳಿಸುವುದು, ಬೇಸಿಗೆಯಲ್ಲಿ ಒಣದ್ರಾಕ್ಷಿ ಶೆಡ್ಡಿನ ಕೆಲಸ. ಬಹುಪಾಲು ಕೂಲಿ ಹೆಣ್ಣುಮಕ್ಕಳದು. ಸೂರ್ಯ ಏರುವ ಮೊದಲೇ ತೋಟ ಮುಟ್ಟಬೇಕು, ತೋಟದ ದಾರಿಗೆ ಬಸ್ ಇಲ್ಲ. ಹೆಣ್ಣುಮಕ್ಕಳಿಗೆ ಸರ್ಕಾರ ಕೊಟ್ಟ ಶಕ್ತಿ ಯೋಜನೆಯ ಉಚಿತ ಟಿಕೆಟ್ ಹಕ್ಕಾಗಿ ಅವರ ಕೈಯಲ್ಲಿದೆ, ಆ ಹಕ್ಕು ಚಲಾಯಿಸಲು ಬೇಕಾದ ಬಸ್ ಅವರ ದಾರಿಯಲ್ಲಿಲ್ಲ. ಅವರನ್ನು ಒಯ್ಯುವ ಕ್ರೂಸರ್ ತಡೆದು ಎಂಟು ಮಂದಿ ಹೆಚ್ಚಿದ್ದಾರೆಂದು 1600 ರೂಪಾಯಿ ಬರೆದರೆ ಹಣ ಕಟ್ಟುವವನು ಚಾಲಕ. ಆದರೆ ಆ ಭಾರ ನಾಳೆಯ ಬಾಡಿಗೆಯಲ್ಲಿ ಹಂಚಿಕೆಯಾಗುತ್ತದೆ. ಸೀಟಿಗೆ ಹೆಚ್ಚು ಹಣ ಕೇಳುತ್ತಾನೆ, ಇಲ್ಲವೇ ಇನ್ನಿಬ್ಬರನ್ನು ತುರುಕುತ್ತಾನೆ. ಜನರ ಜೀವ ಕಾಯಲು ಹಾಕಿದ ದಂಡ ಅವರನ್ನೇ ಇನ್ನಷ್ಟು ಇಕ್ಕಟ್ಟಿಗೆ ತಳ್ಳುವುದು ಹೀಗೆ.

ಇದರರ್ಥ ಬಸ್ಸಿನ ಸಣ್ಣಪುಟ್ಟ ನಿಯಮಗಳ ವಿಷಯದಲ್ಲಿ ಪೊಲೀಸರು ಕಣ್ಣು ಮುಚ್ಚಿಕೊಳ್ಳಬೇಕು ಎಂದಲ್ಲ. ನಿಯಮ ಮುರಿದವನು ಆ ಕ್ಷಣದಲ್ಲಿ, ತನ್ನ ಕೈಯಿಂದಲೇ, ಅದನ್ನು ಪಾಲಿಸಬಹುದಿತ್ತೇ ಎಂಬ ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು, ಬಹಳಷ್ಟು ಬಗೆಹರಿಯುತ್ತದೆ. ಬಸ್ಸಿನ ಕಿಟಕಿಯಿಂದ ಗುಟ್ಕಾ ಉಗುಳುವವನು ಉಗುಳದೆ ಇರಬಹುದಿತ್ತು. ತಂಬಾಕು ಕಾಯ್ದೆಗೆ ಕರ್ನಾಟಕ ತಂದ, 2025ರಲ್ಲಿ ರಾಷ್ಟ್ರಪತಿ ಅಂಕಿತ ಪಡೆದ ತಿದ್ದುಪಡಿ ಸಾರ್ವಜನಿಕ ಸ್ಥಳದ ದಂಡವನ್ನು 200ರಿಂದ 1000 ರೂಪಾಯಿಗೆ ಏರಿಸಿದೆ, ಹಾಕಲಿ. ಮಹಿಳೆಯರಿಗೆ ಮೀಸಲಾದ ಸೀಟಿನಲ್ಲಿ ಕುಳಿತು ಎಬ್ಬಿಸಿದರೂ ಏಳದ ಗಂಡಸು ಏಳಬಹುದಿತ್ತು. ಮೊಬೈಲ್‌ನಲ್ಲಿ ಊರಿಗೆಲ್ಲ ಕೇಳುವಂತೆ ಹಾಡು ಹಚ್ಚಿದವನು ದನಿ ತಗ್ಗಿಸಬಹುದಿತ್ತು. ಆ ಗಲಾಟೆಯನ್ನು ಕೆಎಸ್‌ಆರ್‌ಟಿಸಿ 2021ರ ನವೆಂಬರ್‌ನಲ್ಲೇ ನಿಷೇಧಿಸಿ, ಹೇಳಿದರೂ ಕೇಳದವರನ್ನು ಇಳಿಸಲು ತನ್ನ ಸಿಬ್ಬಂದಿಗೆ ಅಧಿಕಾರ ಕೊಟ್ಟಿದೆ. ಇಲ್ಲೆಲ್ಲ ಬಿಗಿ ಬೇಕು. ಏಕೆಂದರೆ ಇಲ್ಲಿ ತೊಂದರೆಗೆ ಒಳಗಾಗುವವರು ಪಕ್ಕದ ಸೀಟಿನವರು, ಹೆಚ್ಚಾಗಿ ಹೆಣ್ಣುಮಕ್ಕಳು, ವಯಸ್ಸಾದವರು. ಮೆಟ್ಟಿಲ ಮೇಲಿನ ಹುಡುಗನಿಗೆ ಅದೇ ಪ್ರಶ್ನೆ ಹಾಕಿದರೆ ಉತ್ತರ ಬದಲಾಗುತ್ತದೆ. ನಿಯಮ ಪಾಲಿಸಬೇಕೆಂದರೆ ಆತ ಆ ದಿನದ ಮೊದಲ ಪಿರಿಯಡ್ ಬಿಡಬೇಕು, ಮರುದಿನವೂ ಬಿಡಬೇಕು. ರೈಲ್ವೆ ಕಾಯ್ದೆಯ 156ನೇ ಕಲಂ ಕೂಡ ಮೆಟ್ಟಿಲ ಮೇಲಿನ ಪ್ರಯಾಣಕ್ಕೆ ಶಿಕ್ಷೆ ಹೇಳುತ್ತದೆ, ಆದರೆ ಸಿಬ್ಬಂದಿ ಎಚ್ಚರಿಸಿದ ಮೇಲೂ ಇಳಿಯದವನಿಗೆ. ಮೊದಲು ಮಾತು, ಆಮೇಲೆ ಶಿಕ್ಷೆ ಎಂಬ ಆ ವಿವೇಕ ರಸ್ತೆಯ ಮೇಲೂ ಬೇಕಿದೆ.

ಈಗ ಆ ಮಾತನ್ನು ಹೇಳುವ ಹೊಣೆ ಪೂರ್ತಿಯಾಗಿ ಕಂಡಕ್ಟರ್ ಹೆಗಲೇರಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದಾಗಿನಿಂದ ಗುರುತಿನ ಚೀಟಿ ನೋಡಿ ಶೂನ್ಯ ಟಿಕೆಟ್ ಕೊಡುವವರೂ ಅವರೇ, ಗಂಡಸರಿಗೆ ಅರ್ಧ ಸೀಟು ಎಂಬ ನಿಯಮ ವಿವರಿಸುವವರೂ ಅವರೇ, ಬಾಗಿಲ ಕಾಯುವವರೂ ಅವರೇ. ಒಂಟಿ ಮನುಷ್ಯನ ಮೇಲೆ ಇಷ್ಟು ನಿಯಮಗಳನ್ನು ಹೇರಿದರೆ ಏನಾಗಬಹುದೆಂಬುದನ್ನು 2025ರ ಫೆಬ್ರವರಿಯಲ್ಲಿ ಬೆಳಗಾವಿ ಬಳಿಯ ಬಾಳೇಕುಂದ್ರಿಯಲ್ಲಿ ಕಂಡೆವು. ಅಲ್ಲಿ ಪೆಟ್ಟು ತಿಂದ ಕಂಡಕ್ಟರ್ ಹೇಳಿದಂತೆ ಜಗಳ ಮೊಳೆತದ್ದು ಗಂಡಸಿಗೂ ಶೂನ್ಯ ಟಿಕೆಟ್ ಕೇಳಿದ್ದರಿಂದ. ಅದು ಭಾಷೆಯ ಜಗಳವಾಯಿತು, ಹಲ್ಲೆಯಾಯಿತು, ಬಂಧನಗಳಾದವು. ಕಂಡಕ್ಟರ್ ಮೇಲೂ ಪೋಕ್ಸೊ ಪ್ರಕರಣ ದಾಖಲಾಯಿತು, ದೂರು ಕೊಟ್ಟ ಕುಟುಂಬ ಅದನ್ನು ಹಿಂಪಡೆಯುವುದಾಗಿ ಆಮೇಲೆ ಹೇಳಿತು. ಕರ್ನಾಟಕ–ಮಹಾರಾಷ್ಟ್ರ ನಡುವಿನ ಬಸ್ಸುಗಳು ನಿಂತವು, ಮಾರ್ಚ್ 22ರಂದು ಬಂದ್ ನಡೆಯಿತು. ಸೊಲ್ಲಾಪುರ, ಜತ್ತ ಕಡೆಗೆ ದಿನವೂ ಓಡಾಡುವ ವಿಜಯಪುರ, ತಿಕೋಟಾದ ಜನರಿಗೆ ಇದು ದೂರದ ಸುದ್ದಿಯಲ್ಲ. ಒಂದು ಟಿಕೆಟಿನ ನಿಯಮ ಬಸ್ಸಿನೊಳಗೇ ತಣ್ಣಗೆ ಬಗೆಹರಿಯಬೇಕಾದರೆ ಕಂಡಕ್ಟರ್ ಕರೆದಾಗ ಬರುವ ಪೊಲೀಸರು ಬೇಕು. ತಾವಾಗಿ ಬಂದು ಸುಲಭಕ್ಕೆ ಸಿಕ್ಕವರನ್ನು ಹಿಡಿಯುವುದಕ್ಕಿಂತ ಇದು ಬೇರೆಯ ಕೆಲಸ, ಹೆಚ್ಚು ಉಪಯೋಗದ ಕೆಲಸ.

ಸಣ್ಣ ತಪ್ಪನ್ನು ಬಿಗಿಯಾಗಿ ಹಿಡಿದರೆ ದೊಡ್ಡ ಅಪರಾಧ ತಾನಾಗಿ ತಗ್ಗುತ್ತದೆ ಎಂಬ ವಾದ ಹೊಸದಲ್ಲ. 1982ರಲ್ಲಿ ಜೇಮ್ಸ್ ವಿಲ್ಸನ್ ಮತ್ತು ಜಾರ್ಜ್ ಕೆಲ್ಲಿಂಗ್ ಅಮೆರಿಕದಲ್ಲಿ ಇದನ್ನು ಮುಂದಿಟ್ಟರು. 1990ರಲ್ಲಿ ನ್ಯೂಯಾರ್ಕ್‌ನ ಸಾರಿಗೆ ಪೊಲೀಸ್ ಪಡೆಯ ಮುಖ್ಯಸ್ಥರಾದ ವಿಲಿಯಂ ಬ್ರ್ಯಾಟನ್ ಸುರಂಗ ರೈಲಿನಲ್ಲಿ ಟಿಕೆಟ್ ಇಲ್ಲದೆ ನುಗ್ಗುವವರನ್ನು ಸಾಲುಸಾಲಾಗಿ ಬಂಧಿಸಿದರು. ಅಪರಾಧ ತಗ್ಗಿದ್ದು ನಿಜ. ತಗ್ಗಿದ್ದು ಇದರಿಂದಲೇ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ಆದರೆ ಹೊರೆ ಬಿದ್ದದ್ದು ಬಡವರ, ಕಪ್ಪು ಜನರ ಮೇಲೆ ಎಂಬ ದೂರು ಬಲವಾಗುತ್ತ ಹೋಗಿ, 2018ರಲ್ಲಿ ಮ್ಯಾನ್‌ಹಟನ್‌ನ ಜಿಲ್ಲಾ ಅಭಿಯೋಜಕರು ಅಂಥ ಬಹುಪಾಲು ಪ್ರಕರಣಗಳನ್ನು ಕೋರ್ಟಿಗೆ ಒಯ್ಯುವುದನ್ನೇ ಕೈಬಿಟ್ಟರು. ಅಲ್ಲಿನ ಪ್ರಶ್ನೆ ರೈಲು ಇದ್ದೂ ದುಡ್ಡು ಕೊಡದವರದು. ನಮ್ಮದು ದುಡ್ಡು ಕೊಟ್ಟೂ, ಪಾಸ್ ಪಡೆದೂ ಒಳಗೆ ಜಾಗ ಸಿಗದವರದು. ಅಲ್ಲಿಯೇ ನಿಲ್ಲದ ವಾದವನ್ನು ಇಲ್ಲಿಗೆ ಹೊತ್ತು ತಂದರೆ ಅದು ಇನ್ನೂ ಬೇಗ ಕುಸಿಯುತ್ತದೆ.

ಎದುರು ಮಾತುಗಳಲ್ಲಿ ತೂಕದ್ದು ಒಂದಿದೆ: ಬಸ್ ಬರುವವರೆಗೆ ಸಾವು ಕಾಯುವುದಿಲ್ಲ. ಇದನ್ನು ಹಗುರಾಗಿ ತೆಗೆದುಕೊಳ್ಳುವಂತಿಲ್ಲ. ಹೆಚ್ಚು ಜನರನ್ನು ತುಂಬಿದ ಗಾಡಿ ಮಗುಚಿದರೆ ಜೀವದ ಜೊತೆ ಪರಿಹಾರವೂ ಸೊರಗುತ್ತದೆ. 42 ಪ್ರಯಾಣಿಕರಿಗೆ ವಿಮೆ ಇದ್ದು 90 ಮಂದಿಯನ್ನು ಹೊತ್ತಿದ್ದ ಹಿಮಾಚಲದ ಬಸ್ಸಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2007ರಲ್ಲಿ, ವಿಮಾ ಕಂಪನಿಯ ಹೊಣೆ 42 ಮಂದಿಯ ಲೆಕ್ಕಕ್ಕೇ ನಿಲ್ಲುತ್ತದೆ ಎಂದಿತು. ಆ ಹಣವೇ ಎಲ್ಲರಿಗೂ ಹಂಚಿಕೆಯಾಗಬೇಕು, ಉಳಿದದ್ದನ್ನು ಮಾಲೀಕನಿಂದ ವಸೂಲು ಮಾಡಬೇಕು. ಕೂಲಿಯ ಕ್ರೂಸರ್ ಮಾಲೀಕನಿಂದ ಲಕ್ಷಗಟ್ಟಲೆ ವಸೂಲು ಮಾಡುವುದು ಎಷ್ಟು ಸಾಧ್ಯವೆಂಬುದು ತಿಳಿಯದ ಸಂಗತಿಯೇನಲ್ಲ. ಆದ್ದರಿಂದ ತುಂಬಿದ ಗಾಡಿಯನ್ನು ತಡೆಯಲೇಬೇಕು, ನಿಜ. ಆದರೆ ತಡೆಯುವುದೆಂದರೆ ತಡೆಯುವುದು. 1600 ರೂಪಾಯಿ ಪಡೆದು ಅದೇ ಭಾರದೊಂದಿಗೆ ಗಾಡಿಯನ್ನು ಮುಂದೆ ಬಿಟ್ಟರೆ ಅಪಾಯ ಒಂದು ಕೂದಲೆಳೆಯಷ್ಟೂ ತಗ್ಗುವುದಿಲ್ಲ. ಜೀವದ ವಾದವನ್ನು ನಿಜವಾಗಿ ನಂಬುವವರು ಕಲಂನ ಎರಡನೆಯ ಮಾತನ್ನು ಮೊದಲನೆಯದಕ್ಕಿಂತ ಗಟ್ಟಿಯಾಗಿ ಹಿಡಿಯಬೇಕು.

ಬಸ್ ಓಡಿಸುವುದು ಪೊಲೀಸರ ಕೆಲಸವಲ್ಲ, ನಿಗಮದ ಬಳಿ ಬಸ್ಸೂ ಸಿಬ್ಬಂದಿಯೂ ಸಾಲದು ಎಂಬ ಮಾತು ಕೂಡ ಬರುತ್ತದೆ. ಪೊಲೀಸರು ಬಸ್ ಓಡಿಸಬೇಕಿಲ್ಲ, ಬರೆದಿಟ್ಟರೆ ಸಾಕು. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯಲ್ಲಿ ಪೊಲೀಸ್, ಸಾರಿಗೆ ಇಲಾಖೆಗಳು ಒಂದೇ ಮೇಜಿನ ಸುತ್ತ ಕೂರುತ್ತವೆ. ಯಾವ ನಾಕಾದಲ್ಲಿ, ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಮಂದಿ ಹೆಚ್ಚಿದ್ದರು ಎಂಬ ವಿವರ ದಂಡದ ರಸೀದಿಯಲ್ಲೇ ಇದೆ. ನಿಗಮದ ಕಡೆಯಿಂದ ನೋಡಿದರೆ, ಶೂನ್ಯ ಟಿಕೆಟ್‌ಗಳ ಲೆಕ್ಕದ ಮೇಲೆಯೇ ಸರ್ಕಾರ ಅದಕ್ಕೆ ಹಣ ತುಂಬಿಕೊಡಬೇಕಾದ್ದರಿಂದ, ಯಾವ ಸ್ಟೇಜಿನಲ್ಲಿ ಎಷ್ಟು ಮಂದಿ ಹತ್ತಿದರೆಂಬುದು ಟಿಕೆಟ್ ಯಂತ್ರದಲ್ಲಿ ಕುಳಿತಿದೆ. ಈ ಎರಡು ಲೆಕ್ಕಗಳನ್ನು ಜೊತೆಗಿಟ್ಟು ನೋಡಿದರೆ ತೊರವಿಯಲ್ಲಿ ಎಂಟೂವರೆಗೆ ಒಂದು ಬಸ್ ಬೇಕೋ ಎರಡು ಬೇಕೋ ಎಂಬುದಕ್ಕೆ ಹೊಸ ಸಮೀಕ್ಷೆ ಬೇಕಾಗುವುದಿಲ್ಲ. ಎಲ್ಲ ಹೊತ್ತಿಗೂ ಬಸ್ ಹೆಚ್ಚಿಸಬೇಕೆಂದು ಯಾರೂ ಕೇಳುತ್ತಿಲ್ಲ. ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸಿನ ಮಾತಿದು, ಮಧ್ಯಾಹ್ನ ಅರ್ಧ ಖಾಲಿ ಓಡುವ ಸರದಿಯನ್ನು ಹಿಂದೆ ಮುಂದೆ ಮಾಡಿದರೂ ಒಂದಿಷ್ಟು ಒದಗೀತು.

ಕ್ರೂಸರ್ ಮತ್ತು ಟಂಟಂಗಳಿಗೆ ಸಡಿಲ ಬಿಟ್ಟರೆ ಕೊನೆಯೆಲ್ಲಿ ಎಂಬ ಆತಂಕಕ್ಕೂ ಅರ್ಥವಿದೆ. ಬಾಡಿಗೆಯ ಪರವಾನಗಿ ಪಡೆದ ಗಾಡಿ ದಾರಿಯುದ್ದಕ್ಕೂ ಬಿಡಿ ಜನರನ್ನು ಹತ್ತಿಸಿಕೊಳ್ಳುವಂತಿಲ್ಲ. ಮೂರು ಮಂದಿಯ ಆಟೊದಲ್ಲಿ ಹನ್ನೊಂದು ಮಂದಿ ಕೂರುವುದನ್ನು ಯಾವ ನ್ಯಾಯದಿಂದಲೂ ಒಪ್ಪಲಾಗದು. ನಾನು ಕೇಳುತ್ತಿರುವುದು ಸಡಿಲವಲ್ಲ, ಪೂರ್ತಿ ಬಿಗಿ. ಅಕ್ಟೋಬರ್‌ನ ಚಾಟ್ನಿಗೆ ಮುಂಚೆ ತಿಕೋಟಾ, ಬಬಲೇಶ್ವರದ ಪೊಲೀಸ್ ಠಾಣೆಗಳು ಡಿಪೊ ವ್ಯವಸ್ಥಾಪಕರ ಫೋನ್ ನಂಬರನ್ನು ತಪಾಸಣೆಯ ಸಿಬ್ಬಂದಿಗೆ ಕೊಡಲಿ. ಹೆಚ್ಚು ಜನ ತುಂಬಿದ ಗಾಡಿ ಸಿಕ್ಕಾಗ ದಂಡ ಬರೆಯಲಿ, ಜನರನ್ನು ಇಳಿಸಲಿ, ಆ ನಂಬರಿಗೆ ಫೋನ್ ಹಚ್ಚಲಿ. ಹಿಂದಿನಿಂದ ಬರುವ ಬಸ್ ಕೈ ಮಾಡಿ ನಿಲ್ಲಿಸಿ ಆ ಹೆಣ್ಣುಮಕ್ಕಳನ್ನು ಹತ್ತಿಸಿದ ಮೇಲೆಯೇ ಕ್ರೂಸರ್ ಕೀಲಿ ಚಾಲಕನ ಕೈಗೆ ಮರಳಲಿ. ನಿಗಮದ ಬಸ್ಸಿನ ಮೆಟ್ಟಿಲ ಮೇಲೆ ಹುಡುಗರು ಜೋತಾಡುತ್ತಿದ್ದರೆ ಅದನ್ನೂ ಹಾಗೆಯೇ ನಿಲ್ಲಿಸಲಿ. ಬಸ್ ಸಿಗದೆ ಅರ್ಧ ಗಂಟೆ ಕಾಯುವ ಸ್ಥಿತಿ ಬಂದರೆ, ಆ ಅರ್ಧ ಗಂಟೆಯನ್ನೂ ಸ್ಥಳದ ಹೆಸರಿನೊಂದಿಗೆ ಠಾಣೆಯ ದಿನಚರಿಯಲ್ಲಿ ಬರೆದು, ಮುಂದಿನ ಸಮಿತಿ ಸಭೆಗೆ ಕಳಿಸಲಿ.