ಪ್ರತಿಜ್ಞೆಗೆ ಎರಡು ಪಕ್ಷಗಳಿವೆ

ಶಾಲೆಗಳಲ್ಲಿ ಮಕ್ಕಳು ಬಲಗೈ ಮುಂಚಾಚಿ ಒಪ್ಪಿಸುವ ರಾಷ್ಟ್ರೀಯ ಪ್ರತಿಜ್ಞೆ ಸಂವಿಧಾನದ ಭಾಗವಲ್ಲ. ಅದನ್ನು ಬರೆದವರು ರಾಷ್ಟ್ರನಾಯಕರೂ ಅಲ್ಲ. ನಲ್ಗೊಂಡ ಜಿಲ್ಲೆಯ ಪೈಡಿಮರ್ರಿ ವೆಂಕಟ ಸುಬ್ಬರಾವ್ ಅವರು ವಿಶಾಖಪಟ್ಟಣದಲ್ಲಿ ಜಿಲ್ಲಾ ಖಜಾನಾಧಿಕಾರಿಯಾಗಿದ್ದಾಗ, 1962ರಲ್ಲಿ, ಅದನ್ನು ತೆಲುಗಿನಲ್ಲಿ ರಚಿಸಿದರು. ಕೇಂದ್ರ ಶಿಕ್ಷಣ ಸಚಿವ ಎಂ.ಸಿ. ಛಾಗ್ಲಾ ಅವರ ಅಧ್ಯಕ್ಷತೆಯಲ್ಲಿ 1964ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಸೇರಿದ ಕೇಂದ್ರ ಶಿಕ್ಷಣ ಸಲಹಾ ಮಂಡಳಿ ಅದನ್ನು ದೇಶದ ಶಾಲೆಗಳಿಗೆ ವಿಸ್ತರಿಸಲು ಸೂಚಿಸಿತು. 1965ರ ಗಣರಾಜ್ಯೋತ್ಸವದಿಂದ ಅದು ಬಳಕೆಗೆ ಬಂದಿತು.

ಅದು ಆತಂಕದ ಕಾಲ. ಚೀನಾ ಯುದ್ಧದ ಸೋಲು ಹಸಿಯಾಗಿತ್ತು. ಪ್ರತ್ಯೇಕತೆಯ ಕೂಗೂ ಕೇಳಿಬರುತ್ತಿತ್ತು. 1963ರ ಸಂವಿಧಾನದ 16ನೇ ತಿದ್ದುಪಡಿಯು ಚುನಾವಣಾ ಅಭ್ಯರ್ಥಿಗಳ ಪ್ರಮಾಣವಚನದಲ್ಲಿ ದೇಶದ ಸಾರ್ವಭೌಮತ್ವ ಮತ್ತು ಅಖಂಡತೆಯನ್ನು ಎತ್ತಿಹಿಡಿಯುವ ಮಾತನ್ನು ಸೇರಿಸಿತು. ರಾಷ್ಟ್ರವು ತನ್ನ ಬಗ್ಗೆ ಅಳುಕಿದಾಗ ನಿಷ್ಠೆಯ ಮಾತನ್ನು ಬಯಸುತ್ತದೆ. ಅಮೆರಿಕದಲ್ಲೂ ಹೀಗೆಯೇ ಆಯಿತು. ಫ್ರಾನ್ಸಿಸ್ ಬೆಲ್ಲಮಿ 1892ರಲ್ಲಿ ಬರೆದ ಧ್ವಜನಿಷ್ಠೆಯ ಪ್ರತಿಜ್ಞೆಗೆ ಶೀತಲ ಸಮರದ ನಡುವೆ, 1954ರಲ್ಲಿ, ದೇವರ ಹೆಸರು ಸೇರಿತು.

ಆದರೆ ನಮ್ಮ ಪ್ರತಿಜ್ಞೆಯಲ್ಲಿ ಧ್ವಜವಿಲ್ಲ, ದೇವರಿಲ್ಲ, ಶತ್ರುವೂ ಇಲ್ಲ. ದೇಶವಾಸಿಗಳೆಲ್ಲ ಒಡಹುಟ್ಟಿದವರೆಂಬ ಭಾವ, ವೈವಿಧ್ಯದ ಬಗೆಗಿನ ಹೆಮ್ಮೆ, ಹಿರಿಯರಲ್ಲಿ ಗೌರವ, ಎಲ್ಲರೊಡನೆ ಸೌಜನ್ಯ ಅದರ ತಿರುಳು. ಆತಂಕದ ಕಾಲದಲ್ಲೂ ಇಂಥ ಸಂಯಮ ಉಳಿದದ್ದು ಸಣ್ಣ ಸಂಗತಿಯಲ್ಲ.

ಈ ಸಂಯಮವನ್ನು ಬಲವಂತ ಕೆಡಿಸಬಾರದು. ಧ್ವಜವಂದನೆಗೆ ಮಕ್ಕಳನ್ನು ಒತ್ತಾಯಿಸುವಂತಿಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1943ರಲ್ಲಿ, ಮಹಾಯುದ್ಧದ ನಡುವೆಯೇ, ತೀರ್ಪಿತ್ತಿತು. ನಮ್ಮಲ್ಲಿ, ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ ಧಾರ್ಮಿಕ ನಂಬಿಕೆಯ ಕಾರಣ ಹಾಡದಿದ್ದ ಕೇರಳದ ಮೂವರು ಮಕ್ಕಳನ್ನು ಶಾಲೆಯಿಂದ ಹೊರಹಾಕಿದ್ದು ತಪ್ಪೆಂದು ಸುಪ್ರೀಂ ಕೋರ್ಟ್ 1986ರಲ್ಲಿ ಹೇಳಿತು. ಬಾಯಿಪಾಠದಿಂದ ನಿಷ್ಠೆಯನ್ನು ಅಳೆಯಲಾಗದು.

ಅರ್ಥಶಾಸ್ತ್ರ ಓದಿ ಸರ್ಕಾರಿ ಕಡತಗಳ ನಡುವೆ ಬದುಕಿದ ನನ್ನನ್ನು ಹೆಚ್ಚು ಸೆಳೆಯುವುದು ಪ್ರತಿಜ್ಞೆಯ ಕೊನೆಯ ಮಾತು. ದೇಶದ ಮತ್ತು ಜನರ ಕ್ಷೇಮ, ಸಮೃದ್ಧಿಗಳಲ್ಲೇ ತನ್ನ ಸುಖವಿದೆ ಎಂದು ಮಗು ಅಲ್ಲಿ ಹೇಳುತ್ತದೆ. ಖಜಾನೆಯ ಲೆಕ್ಕ ಬಲ್ಲವರು ಬರೆದ ಮಾತದು. ಮಗುವಿಗಿಂತ ಮೊದಲು ಅದು ಅನ್ವಯಿಸಬೇಕಾದದ್ದು ಸಾರ್ವಜನಿಕ ಹಣವನ್ನು ನಿರ್ವಹಿಸುವ ನಮ್ಮಂಥವರಿಗೆ.

ಶಾಲಾ ಕಾಲೇಜುಗಳಲ್ಲಿ ಸಂವಿಧಾನದ ಪೀಠಿಕೆಯನ್ನು ಓದಿಸಲು ಕರ್ನಾಟಕ ಸರ್ಕಾರ 2023ರಲ್ಲಿ ನಿರ್ಧರಿಸಿತು. ಇದು ಪ್ರತಿಜ್ಞೆಗೆ ತಕ್ಕ ಜೋಡಿ. ಪ್ರತಿಜ್ಞೆಯಲ್ಲಿ ಮಗು ದೇಶಕ್ಕೆ ಮಾತು ಕೊಡುತ್ತದೆ. ಪೀಠಿಕೆಯಲ್ಲಿ ಗಣರಾಜ್ಯವು ಆ ಮಗುವಿಗೆ ನ್ಯಾಯ, ಸ್ವಾತಂತ್ರ್ಯ, ಸಮಾನತೆಗಳ ಮಾತು ಕೊಡುತ್ತದೆ. ಸೋರುವ ಸೂರಿನಡಿ, ಶಿಕ್ಷಕರಿಲ್ಲದ ತರಗತಿಯಲ್ಲಿ ಕುಳಿತ ಮಗು ತನ್ನ ಪಾಲಿನ ಮಾತನ್ನು ದಿನವೂ ತಪ್ಪದೆ ಹೇಳುತ್ತಿದೆ. ಉತ್ತರಿಸಬೇಕಾದ ಸರದಿ ಪ್ರಭುತ್ವದ್ದು.