ಬೆಟ್ಟ ಹತ್ತಲು ಬರುವವರಿಗೊಂದು ಕೋಣೆ

ಮಳೆಗಾಲ ಹಿಂದಾಗಿ, ನಾವು ಅಡಿಕೆ ಕೊಯ್ಲಿಗೆ ದೋಟಿ ಹೊರತೆಗೆಯುವ ಹೊತ್ತಿಗೆ ಸರಿಯಾಗಿ ಮಲೆನಾಡಿನ ಊರುಗಳಿಗೆ ಇನ್ನೊಂದು ಬಗೆಯ ಜನ ಬರತೊಡಗುತ್ತಾರೆ. ಬೆನ್ನಿಗೆ ಚೀಲ, ಕಾಲಿಗೆ ದಪ್ಪ ಬೂಟು. ಕುದುರೆಮುಖ, ಮುಳ್ಳಯ್ಯನಗಿರಿ, ಕುಮಾರಪರ್ವತ, ಕೊಡಗಿನ ತಡಿಯಂಡಮೋಳು ಇವರ ಗುರಿ. ಬಸ್ಸಿಳಿದ ಕೂಡಲೇ ಇವರಲ್ಲಿ ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ: ಗಲಾಟೆಯಿಲ್ಲದ, ಕೈಗೆಟುಕುವ ಒಂದು ಕೋಣೆ ಎಲ್ಲಾದರೂ ಸಿಕ್ಕೀತೆ?

ಈ ಪ್ರಶ್ನೆಗೆ ಉತ್ತರ ಸಣ್ಣ ಬೆಳೆಗಾರರಾದ ನಮ್ಮ ಮನೆಗಳಲ್ಲೇ ಇದೆಯೆಂಬುದು ನಮ್ಮ ಅಭಿಪ್ರಾಯ. ನಾವು ಆ ಉತ್ತರವನ್ನು ಸರಿಯಾಗಿ ಕೊಡದೆ ಹೋದರೆ ಬೇರೆಯವರು ತಪ್ಪಾಗಿ ಕೊಡುತ್ತಾರೆ. ಅದರ ಕಷ್ಟ ಮಾತ್ರ ನಮ್ಮ ಊರಿಗೇ ಉಳಿಯುತ್ತದೆ. ಆದುದರಿಂದ ಈ ವಿಷಯವನ್ನು ಸದಸ್ಯ ಬಾಂಧವರ ಮುಂದೆ ಇಡುತ್ತಿದ್ದೇವೆ.

ಬೇಡಿಕೆ ಎಲ್ಲಿಂದ ಬಂತು?

ಕುದುರೆಮುಖ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2005ರ ಕೊನೆಗೆ ಅಲ್ಲಿನ ಕಬ್ಬಿಣದ ಅದಿರಿನ ಗಣಿಯೂ ನಿಂತಿತು. 1,890 ಮೀಟರಿಗೂ ಎತ್ತರದ ಆ ತುದಿಗೆ ಹೋಗಿಬರಲು 20 ಕಿ.ಮೀ.ಗೆ ಕಡಿಮೆಯಿಲ್ಲದ ನಡಿಗೆ. ಬೆಳಗ್ಗೆ ಬೇಗ ಹೊರಟು ಸಂಜೆಯೊಳಗೆ ಇಳಿಯಬೇಕು. ಕಾಡಿನಲ್ಲಿ ಗುಡಾರ ಹಾಕಿ ಮಲಗುವಂತಿಲ್ಲ. 1,712 ಮೀಟರ್ ಎತ್ತರದ ಕುಮಾರಪರ್ವತದ ಮೇಲೂ ರಾತ್ರಿ ತಂಗುವುದಕ್ಕೆ ತಡೆಯಿದೆ. 2024ರ ಜನವರಿಯಲ್ಲಿ ಆ ಬೆಟ್ಟದ ಹಾದಿಯಲ್ಲಿ ಜಾತ್ರೆಯಂತೆ ಜನ ಸೇರಿದ್ದನ್ನು ಇಡೀ ರಾಜ್ಯವೇ ಚಿತ್ರಗಳಲ್ಲಿ ನೋಡಿತು. ಅದಾದ ಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ಮುಂಗಡ ಆನ್‌ಲೈನ್ ನೋಂದಣಿಯನ್ನು ಕಡ್ಡಾಯ ಮಾಡಿ, ಒಂದು ಹಾದಿಗೆ ದಿನಕ್ಕೆ 300 ಜನರ ಮಿತಿಯನ್ನು ಗೊತ್ತುಮಾಡಿತು.

ಇದರಿಂದ ಎರಡು ಮಾತು ಸ್ಪಷ್ಟವಾಗುತ್ತದೆ. ಕಾಡಿನೊಳಗೆ ಮಲಗುವಂತಿಲ್ಲವಾದ್ದರಿಂದ ಚಾರಣಿಗರು ಮಲಗಬೇಕಾದದ್ದು ತಪ್ಪಲಿನ ಊರಿನಲ್ಲೇ. ಹತ್ತುವ ಮುನ್ನಾ ರಾತ್ರಿ ಒಂದು ಹಾಸಿಗೆ ಬೇಕು, ಇಳಿದ ರಾತ್ರಿ ಸೋತ ಕಾಲಿಗೆ ಇನ್ನೊಂದು. ಎರಡನೆಯದಾಗಿ, ಬೆಟ್ಟಕ್ಕೆ ಹೋಗುವವರ ಸಂಖ್ಯೆಗೆ ಮಿತಿ ಬಿದ್ದಿರುವಾಗ ಇಪ್ಪತ್ತು ಮೂವತ್ತು ಕೋಣೆಗಳ ಕಟ್ಟಡ ಎಬ್ಬಿಸುವವರು ಬೆಟ್ಟ ಹತ್ತುವವರನ್ನು ನಂಬಿ ಎಬ್ಬಿಸುತ್ತಿಲ್ಲ. ಅವರು ನಂಬಿರುವುದು ವಾರದ ಕೊನೆಯಲ್ಲಿ ಕುಡಿದು ಕುಣಿಯಲು ಬರುವವರನ್ನು. ಈ ಎರಡು ಬಗೆಯ ಅತಿಥಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು.

ಇಂದು ಬೆಟ್ಟಕ್ಕೆ ಬರುವ ಸಾಧಾರಣ ಸಂಬಳದವರ ಮುಂದೆ ಇರುವ ದಾರಿಗಳನ್ನು ನೋಡಿ. ಒಂದು ಕಡೆ ಈಜುಕೊಳವಿರುವ ರೆಸಾರ್ಟು. ಅಲ್ಲಿನ ಬಾಡಿಗೆ ಅವರ ಕೈಗೆ ಎಟುಕದು. ಇನ್ನೊಂದು ಕಡೆ ಹೋಂಸ್ಟೇ ಎಂಬ ಹಲಗೆ ಹೊತ್ತ, ಮನೆಯವರು ಯಾರೂ ವಾಸವಿಲ್ಲದ, ಗುತ್ತಿಗೆಗೆ ಕೊಟ್ಟ ಕಟ್ಟಡ. ಅಲ್ಲಿ ನಡುರಾತ್ರಿಯವರೆಗೆ ಧ್ವನಿವರ್ಧಕ, ಬೆಂಕಿ ಹಾಕಿ ಕುಣಿತ. ಬೆಳಗ್ಗೆ ಐದಕ್ಕೆ ಏಳಬೇಕಾದವರು ಅಲ್ಲಿ ನಿದ್ದೆ ಮಾಡುವುದು ಹೇಗೆ? ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕಬಾರದೆಂದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳೇ ಹೇಳುತ್ತವೆ. ನಿಯಮ ಕಾಗದದಲ್ಲಿದೆ, ನಿದ್ದೆಗೆಡುವವರು ಅತಿಥಿಗಳೂ ಹೌದು, ಪಕ್ಕದ ತೋಟದ ನಾವೂ ಹೌದು.

ಹೊಸ ಮಾತೇನೂ ಅಲ್ಲ

ದಾರಿಹೋಕರಿಗೆ ಜಗಲಿ ಬಿಟ್ಟುಕೊಡುವುದು ನಮ್ಮ ಸೀಮೆಗೆ ಹೊಸದಲ್ಲ. ಹೊರನಾಡು, ಶೃಂಗೇರಿ, ಧರ್ಮಸ್ಥಳಗಳಲ್ಲಿ ಬಂದವರಿಗೆ ಅನ್ನವಿಕ್ಕುವ ಪದ್ಧತಿ ಇಂದಿಗೂ ನಡೆದಿದೆ. ಕುಮಾರಪರ್ವತದ ಹಾದಿಯ ಗಿರಿಗದ್ದೆಯಲ್ಲಿ ಭಟ್ಟರ ಮನೆಯೆಂದೇ ಹೆಸರಾದ ಅಡಿಕೆ ಬೆಳೆಗಾರರ ಮನೆ, ಯಾವ ಜಾಹೀರಾತೂ ಇಲ್ಲದೆ ದಶಕಗಳ ಕಾಲ ಚಾರಣಿಗರಿಗೆ ಬಿಸಿ ಅನ್ನ ಸಾರು ಬಡಿಸಿತು. ಆ ಬೆಟ್ಟ ಹತ್ತಿದವರು ತುದಿಯ ಜೊತೆಗೆ ಆ ಊಟವನ್ನೂ ನೆನೆಯುತ್ತಾರೆ.

ಹಣ ಪಡೆದು ಅತಿಥಿಗಳನ್ನು ಇಟ್ಟುಕೊಳ್ಳುವುದು ಕೊಡಗು ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಬೆಳೆದದ್ದು ಮುಖ್ಯವಾಗಿ 1990ರ ದಶಕದ ಕೊನೆಯಿಂದ 2000ದ ಮೊದಲ ವರ್ಷಗಳವರೆಗೆ ಕಾಫಿಯ ಬೆಲೆ ನೆಲಕಚ್ಚಿದ ಕಾಲದಲ್ಲಿ. ಕೊಯ್ಲಿನ ಕೂಲಿಯೂ ಹುಟ್ಟದಿದ್ದ ಆ ದಿನಗಳಲ್ಲಿ ಅನೇಕ ಮನೆಗಳನ್ನು ಇದು ನಿಲ್ಲಿಸಿತು. 2024-25ರಲ್ಲಿ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂತು, ನಿಜ. ಆದರೆ ಏರಿದ ಬೆಲೆ ಏರಿಯೇ ಇರುವುದಿಲ್ಲವೆಂದು ಬೆಳೆಗಾರರಿಗೆ ಬೇರೆ ಹೇಳಬೇಕಾಗಿಲ್ಲ. ಅತ್ತ ಅಡಿಕೆ ತೋಟದಲ್ಲಿ ಹಳದಿ ಎಲೆ ರೋಗ, ಎಲೆಚುಕ್ಕೆ ರೋಗ, ಕೊಳೆ ಎಂದು ಒಂದಿಲ್ಲೊಂದು ಕಾಟ. ಇತ್ತ ಮಕ್ಕಳು ಬೆಂಗಳೂರು ಸೇರಿ, ಹಿರಿಯರು ಕಟ್ಟಿಸಿದ ಮನೆಯಲ್ಲಿ ಎರಡು ಕೋಣೆಗಳಿಗೆ ಬೀಗ. ಬೀಗ ಹಾಕಿದ ಕೋಣೆಗೆ ಗೆದ್ದಲು ಬರುತ್ತದೆಯೇ ಹೊರತು ಆದಾಯ ಬರುವುದಿಲ್ಲ.

ಚಾರಣಿಗರಿಗೆ ಏನು ಬೇಕು?

ಇವರಿಗೆ ಬೇಕಾದದ್ದು ಬಹಳವಿಲ್ಲ, ಇರುವಷ್ಟು ಸರಿಯಾಗಿರಬೇಕು. ಒಗೆದ ಹಾಸು ಹೊದಿಕೆ. ಶುಚಿಯಾದ ಕಕ್ಕಸು. ಇಳಿದು ಬಂದಾಗ ಹಂಡೆಯ ಬಿಸಿನೀರು. ಒದ್ದೆ ಬಟ್ಟೆ, ಬೂಟು ಒಣಗಿಸಲು ಒಲೆಯ ಬದಿಯಲ್ಲಿ ಒಂದು ತಂತಿ. ರಾತ್ರಿ ಎಂಟಕ್ಕೆ ಊಟ, ಒಂಬತ್ತೂವರೆಗೆ ದೀಪ ಆರುವುದು. ಬೆಳಗ್ಗೆ ಐದೂವರೆಗೆ ಕಡುಬೋ ಅಕ್ಕಿರೊಟ್ಟಿಯೋ, ಲೋಟ ತುಂಬ ನಮ್ಮದೇ ತೋಟದ ಕಾಫಿ. ಮಧ್ಯಾಹ್ನಕ್ಕೆ ಬಾಳೆಲೆಯಲ್ಲಿ ಕಟ್ಟಿದ ಬುತ್ತಿ. ಪ್ಲಾಸ್ಟಿಕ್ ಪೊಟ್ಟಣ ಕೂಡದು. ಇಷ್ಟೇ. ಪೇಟೆಯ ತಿಂಡಿ ಮಾಡಿಕೊಡಲು ಹೋಗಬೇಡಿ. ಪೇಟೆಯಲ್ಲಿ ಸಿಗದ ತಂಬುಳಿ, ಪತ್ರೊಡೆ, ಮಿಡಿ ಉಪ್ಪಿನಕಾಯಿಯನ್ನು ಅವರು ಹುಡುಕಿಕೊಂಡು ಬಂದಿರುತ್ತಾರೆ.

ಇವೆಲ್ಲಕ್ಕಿಂತ ಮೇಲಾಗಿ ಅವರಿಗೆ ಬೇಕಾದದ್ದು ಸದ್ದಿಲ್ಲದ ರಾತ್ರಿ. ಆಲ್ಪ್ಸ್ ಪರ್ವತಗಳ ತಂಗುಮನೆಗಳಲ್ಲಿ ರಾತ್ರಿ ಹತ್ತಕ್ಕೆ ಎಲ್ಲರೂ ಸುಮ್ಮನಾಗಬೇಕೆಂಬುದು ರೂಢಿಯ ಕಟ್ಟಳೆ. ನೇಪಾಳದ ಬೆಟ್ಟದ ಹಾದಿಗಳಲ್ಲಿ ಮನೆಯವರು ಹಾಸಿಗೆಗೆ ಅತಿ ಕಡಿಮೆ ದುಡ್ಡು ಪಡೆದು, ಊಟ ತಿಂಡಿಯನ್ನು ತಮ್ಮಲ್ಲೇ ಮಾಡಬೇಕೆಂದು ಹೇಳಿ ಅದರಲ್ಲಿ ಸಂಪಾದಿಸುತ್ತಾರೆ. ನಾವು ಕಲಿಯಬೇಕಾದದ್ದು ಈ ಎರಡು ಪಾಠಗಳನ್ನು, ರೆಸಾರ್ಟಿನವರ ಪಾಠವನ್ನಲ್ಲ. ಕತ್ತಲೆ, ಜೀರುಂಡೆಯ ಸದ್ದು, ಹಳ್ಳದ ನೀರಿನ ಸದ್ದು ನಮಗೆ ಬಿಟ್ಟಿ ಸಿಕ್ಕಿವೆ. ಅವನ್ನು ಕೆಡಿಸಿ ಆಮೇಲೆ ಮಾರಲು ಏನೂ ಉಳಿಯುವುದಿಲ್ಲ.

ಲೆಕ್ಕದ ಮಾತು

ದರ ಎಷ್ಟಿರಬೇಕು? ರಾತ್ರಿಯ ಊಟ, ಬೆಳಗಿನ ತಿಂಡಿ, ಬುತ್ತಿ ಸೇರಿ ತಲೆಗೆ 1,000 ರೂಪಾಯಿಯ ಆಸುಪಾಸಿನಲ್ಲಿರಲಿ ಎಂಬುದು ನಮ್ಮ ಸಲಹೆ. ಮಾದರಿಗೆ ಒಂದು ಲೆಕ್ಕ ಹಾಕೋಣ. ಎರಡು ಕೋಣೆ, ನಾಲ್ಕು ಜನ, ವರ್ಷಕ್ಕೆ 40 ರಾತ್ರಿ ಎಂದರೆ 1,60,000 ರೂಪಾಯಿ. ದಿನಸಿ, ಗ್ಯಾಸು, ಒಗೆತ, ಸಹಾಯದ ಆಳಿನ ಕೂಲಿಗೆ ಅರ್ಧ ಕಳೆದರೂ 80,000 ರೂಪಾಯಿ ಉಳಿಯುತ್ತದೆ. ತೋಟ ಬಿಟ್ಟು ಬದುಕುವಷ್ಟು ದುಡ್ಡು ಇದಲ್ಲ. ಹಾಗೆ ಯಾರೂ ತಿಳಿಯಬಾರದು. ಬೋರ್ಡೋ ಹೊಡೆಸುವ ಖರ್ಚಿಗೆ, ಮಕ್ಕಳ ಫೀಸಿಗೆ, ಬೆಲೆ ಬಿದ್ದ ವರ್ಷದ ಕೈಸಾಲ ತಪ್ಪಿಸಲು ಆಗುವ ದುಡ್ಡು. ಸಾಲ ಎತ್ತಿ ಹೊಸ ಕಟ್ಟಡ ಕಟ್ಟಿಸಿದರೆ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಇರುವ ಕೋಣೆಗೆ ಸುಣ್ಣ ಹೊಡೆಸಿ, ಹಂಚು ಕೈಯಾಡಿಸಿ, ಕಕ್ಕಸು ಸರಿಮಾಡಿಸಿದರೆ ಸಾಕು.

ಈ ಲೆಕ್ಕದಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಒಂದು ಬಾಬತ್ತು ಇದೆ. ಐದೂವರೆಗೆ ಕಡುಬು ಸಿದ್ಧವಾಗಬೇಕಾದರೆ ನಾಲ್ಕಕ್ಕೆ ಏಳುವವರು ಯಾರು? ಮನೆಯ ಹೆಂಗಸರು. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿಯವರೆಗೆ, ರೊಬಸ್ಟಾ ಅದರ ಹಿಂದೆಯೇ. ಅಡಿಕೆ ಸುಲಿಯುವುದು, ಬೇಯಿಸುವುದು, ಹರವುವುದು ಎಲ್ಲವೂ ಅದೇ ತಿಂಗಳುಗಳಲ್ಲಿ. ಆಳುಗಳ ಕಾಫಿ ತಿಂಡಿಯ ಮೇಲೆ ಅತಿಥಿಗಳ ಅಡಿಗೆಯನ್ನೂ ಅವರ ತಲೆಗೆ ಕಟ್ಟಿ, ಬಂದ ಹಣವನ್ನು ಯಜಮಾನರು ಜೇಬಿಗಿಳಿಸುವುದು ನ್ಯಾಯವಲ್ಲ. ಕೋಣೆ ಕೊಡಬೇಕೋ ಬೇಡವೋ, ಯಾವ ವಾರ ಕೊಡಬೇಕು ಎಂಬ ತೀರ್ಮಾನ ಅಡಿಗೆಮನೆಯಿಂದಲೇ ಬರಬೇಕು. ಉಳಿಕೆಯ ಹಣದ ದೊಡ್ಡ ಪಾಲು ಅವರ ಹೆಸರಿನ ಖಾತೆಗೇ ಬೀಳಬೇಕು. ಇದಕ್ಕೆ ಒಪ್ಪದ ಮನೆ ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು.

ಎಚ್ಚರಿಕೆ ಬೇಕಾದ ಕಡೆಗಳು

ಹೊರಗಿನವರು ಬಂದರೆ ಊರು ಕೆಡುತ್ತದೆ ಎನ್ನುವ ಸದಸ್ಯರಿದ್ದಾರೆ. ಅವರ ಆತಂಕವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಬಾಟಲಿಯ ಚೂರು ನೆಟ್ಟು ಕಾಲು ಕೊಯ್ದುಕೊಂಡ ಆಳುಗಳನ್ನೂ ಎಮ್ಮೆಗಳನ್ನೂ ನೋಡಿದವರ ಮಾತದು. ಆದರೆ ಹಾಗೆ ಕೆಡಿಸಿದ್ದು ಒಡೆಯರಿಲ್ಲದ ಕಟ್ಟಡಗಳು. ಮನೆಯವರೇ ಪಕ್ಕದ ಕೋಣೆಯಲ್ಲಿ ಮಲಗುವ ಮನೆಯಲ್ಲಿ ಕುಡಿದು ಕೂಗಾಡಲು ಯಾರಿಗೂ ಧೈರ್ಯ ಬರುವುದಿಲ್ಲ. ಕುಡಿತವಿಲ್ಲ, ಧ್ವನಿವರ್ಧಕವಿಲ್ಲ, ಹೊರಗೆ ಬೆಂಕಿಯಿಲ್ಲ ಎಂದು ಮೊದಲೇ ಹೇಳಿಬಿಟ್ಟರೆ ಅದನ್ನೇ ಬಯಸುವವರು ಬರುತ್ತಾರೆ, ಉಳಿದವರು ತಾವಾಗಿಯೇ ಬೇರೆ ಕಡೆ ಹೋಗುತ್ತಾರೆ.

ಅತಿಥಿಗಳ ಜೀವದ ಹೊಣೆಯೂ ಸಣ್ಣದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಇಂದಿಗೂ ಮಲೆನಾಡನ್ನು ಬಿಟ್ಟಿಲ್ಲ. ಡಿಸೆಂಬರಿನಿಂದ ಮೇ ವರೆಗೆ ಅದರ ಕಾಲ. ಚಾರಣದ ಕಾಲವೂ ಬಹುಮಟ್ಟಿಗೆ ಅದೇ. ಉಣುಗು ಕಚ್ಚದಂತೆ ಮೈತುಂಬ ಬಟ್ಟೆ ಹಾಕಿಕೊಳ್ಳಲು, ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಲು, ಇಳಿದ ಮೇಲೆ ಬಿಸಿನೀರಿನಲ್ಲಿ ಮಿಂದು ಮೈ ನೋಡಿಕೊಳ್ಳಲು ಹೇಳಬೇಕು. ಸುತ್ತಿನಲ್ಲಿ ಮಂಗ ಸತ್ತಿರುವ ಸುದ್ದಿಯಿದ್ದರೆ ಮುಚ್ಚಿಡದೆ ತಿಳಿಸಬೇಕು. ಮೂಡಿಗೆರೆ, ಸಕಲೇಶಪುರ, ಕೊಡಗಿನ ಕಡೆ ಆನೆಯ ಕಾಟವಿರುವಲ್ಲಿ ಕತ್ತಲಾದ ಮೇಲೆ, ನಸುಕಿನಲ್ಲಿ ತೋಟದ ದಾರಿಯಲ್ಲಿ ಅತಿಥಿಗಳನ್ನು ಒಬ್ಬರನ್ನೇ ಬಿಡಬಾರದು. ಮಳೆಗಾಲದಲ್ಲಿ ಇಂಬಳದ ಕಾಟವನ್ನು ನಕ್ಕು ಸಹಿಸಬಹುದು; ಗುಡ್ಡ ಜರಿಯುವುದನ್ನಲ್ಲ. 2018ರ ಆಗಸ್ಟಿನಲ್ಲಿ ಕೊಡಗು ಕಂಡದ್ದು, 2024ರ ಜುಲೈ 30ರಂದು ವಯನಾಡು ಕಂಡದ್ದು ನಮ್ಮ ಕಣ್ಣ ಮುಂದಿದೆ. ರೆಡ್ ಅಲರ್ಟ್ ಇದ್ದ ದಿನ ಎಷ್ಟು ದುಡ್ಡು ಕೊಡುತ್ತೇನೆಂದರೂ ಬರಬೇಡಿ ಎನ್ನುವವರೇ ಒಳ್ಳೆಯ ಆತಿಥೇಯರು. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಇಲಾಖೆ ಹಾದಿ ಮುಚ್ಚಿದಾಗ ಕಳ್ಳದಾರಿ ತೋರಿಸುವುದೂ ಸಲ್ಲದು.

ಇನ್ನು ಕಾನೂನಿನ ಮಾತು. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಿ, ಪಂಚಾಯಿತಿಗೂ ಪೊಲೀಸ್ ಠಾಣೆಗೂ ತಿಳಿಸಿಯೇ ಈ ಕೆಲಸ ಮಾಡಬೇಕು. ಬಂದವರ ಗುರುತಿನ ಚೀಟಿ ನೋಡಿ ಪುಸ್ತಕದಲ್ಲಿ ಬರೆದಿಡಬೇಕು. ವಿದೇಶೀಯರು ತಂಗಿದರೆ 24 ಗಂಟೆಯೊಳಗೆ ಸಂಬಂಧಪಟ್ಟ ಅಧಿಕಾರಿಗಳಿಗೆ ವರದಿ ಹೋಗಬೇಕು. ಕದ್ದುಮುಚ್ಚಿ ಮಾಡುವುದರಿಂದ ಇಂದು ನಾಲ್ಕು ಕಾಸು ಉಳಿದರೂ ನಾಳೆ ಇಡೀ ಊರಿಗೇ ಕೆಟ್ಟ ಹೆಸರು.

ಸಂಘ ಏನು ಮಾಡಬಹುದು?

ಕಾಫಿ, ಅಡಿಕೆಯಲ್ಲಿ ಬಿಡಿಬಿಡಿಯಾಗಿ ಮಾರಿದ ಸಣ್ಣ ಬೆಳೆಗಾರರ ಗತಿ ಏನಾಯಿತೆಂಬುದು ಸಹಕಾರಿಗಳಾದ ನಮಗೆ ಗೊತ್ತಿದೆ. ಕೋಣೆಯ ವಿಷಯದಲ್ಲೂ ಅಷ್ಟೆ. ಒಬ್ಬೊಬ್ಬರೇ ಹೊರಟರೆ ಪೇಟೆಯ ದಲ್ಲಾಳಿ ಕಮಿಷನ್ ಹಿಡಿಯುತ್ತಾನೆ, ಪಕ್ಕದ ಮನೆಯವರ ಮೇಲೆ ಪೈಪೋಟಿ ಹುಟ್ಟುತ್ತದೆ. ಅದರ ಬದಲು ಸಂಘವೇ ಮನೆಗಳ ಒಂದು ಪಟ್ಟಿ ಇಡಲಿ. ಎಲ್ಲರಿಗೂ ಒಂದೇ ದರಪಟ್ಟಿ, ಒಂದೇ ನಿಯಮಪಟ್ಟಿ. ಯಾವ ವಾರ ಯಾರ ಮನೆಯಲ್ಲಿ ಬಿಡುವಿದೆಯೆಂದು ನೋಡಿ, ಫೋನು ಮಾಡಿದವರನ್ನು ಸರದಿಯ ಪ್ರಕಾರ ಕಳುಹಿಸಲು ಕಚೇರಿಯಲ್ಲಿ ಒಬ್ಬ ಗುಮಾಸ್ತರು ಸಾಕು. ಕೊಯ್ಲಿನ ಒತ್ತಡದ ಮನೆ ಆ ವಾರ ಪಟ್ಟಿಯಿಂದ ಹೊರಗಿರಲಿ. ಹೊರಡುವ ಅತಿಥಿಗಳಿಗೆ ಸದಸ್ಯರ ಕಾಫಿಪುಡಿ, ಮೆಣಸು, ಏಲಕ್ಕಿಯನ್ನು ಸಂಘದ ಮುದ್ರೆಯ ಪೊಟ್ಟಣದಲ್ಲಿ ಮಾರಲಿ. ಇದಕ್ಕೆ ನಮ್ಮ ಬೈಲಾದಲ್ಲಿ ಅವಕಾಶವಿದೆಯೇ, ಇಲ್ಲವಾದರೆ ಏನು ತಿದ್ದುಪಡಿ ಬೇಕು ಎಂಬುದನ್ನು ಆಡಳಿತ ಮಂಡಳಿ ಪರಿಶೀಲಿಸಲಿ.

ಎಲ್ಲರೂ ಕೋಣೆ ಕೊಡಬೇಕೆಂದು ನಾವು ಹೇಳುತ್ತಿಲ್ಲ. ಮನೆಯಲ್ಲಿ ಕೈಸಾಗುವ ಜನವಿಲ್ಲದವರು, ಕಾಯಿಲೆಯವರಿರುವವರು, ಇಷ್ಟವಿಲ್ಲದವರು ಖಂಡಿತ ಬೇಡ. ಒಂದೂರಿನಲ್ಲಿ ಹತ್ತು ಮನೆ ಒಪ್ಪಿದರೂ ನಲವತ್ತು ಜನರಿಗೆ ಹಾಸಿಗೆಯಾಯಿತು. ಅದಕ್ಕಿಂತ ಹೆಚ್ಚು ಜನರನ್ನು ಆ ಊರಿನ ದಾರಿ, ನೀರು, ಹಳ್ಳ ತಾಳಲಾರವು. ಮನಸ್ಸಿರುವ ಸದಸ್ಯರು ಮನೆಯವರೆಲ್ಲರೊಡನೆ ಕುಳಿತು ಮಾತಾಡಿ, ಎಷ್ಟು ಕೋಣೆ, ಯಾವ ತಿಂಗಳು ಎಂಬುದನ್ನು ಸಂಘದ ಕಚೇರಿಗೆ ಬರೆದು ತಿಳಿಸಲಿ. ವಿರೋಧವಿರುವವರೂ ಬರೆಯಲಿ, ಅವರ ಮಾತನ್ನೂ ಇದೇ ಪುಟದಲ್ಲಿ ಅಚ್ಚು ಹಾಕಬೇಕೆಂಬುದು ನಮ್ಮ ಇಚ್ಛೆ. ಮುಂದಿನ ಮಹಾಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ. ಬೆಟ್ಟದ ಬುಡದ ಜಾಗಗಳು ಒಂದೊಂದಾಗಿ ಹೊರಗಿನವರ ಗುತ್ತಿಗೆಗೆ ಹೋಗುವ ಮೊದಲೇ ಬರಲಿ ಎಂಬುದಷ್ಟೇ ನಮ್ಮ ಕೋರಿಕೆ.