ಚಿಲ್ಲರೆ ಇಲ್ಲದ ಸಂತೆ, ಚಾಕಲೇಟು ಬೀಳುವ ಗೊಬ್ಬರಗುಂಡಿ

ಮಲೆನಾಡಿನ ಯಾವುದೇ ಅಂಗಡಿಯಲ್ಲಿ ದಿನಕ್ಕೆ ಹತ್ತಾರು ಬಾರಿ ಕೇಳಿಬರುವ ಮಾತು 'ಚಿಲ್ಲರೆ ಇಲ್ಲ'. ಉಳಿದ ಎರಡು ರೂಪಾಯಿಗೆ ಬದಲಾಗಿ ಎರಡು ಚಾಕಲೇಟು ಕೈಗೆ ಬರುತ್ತದೆ. ಬಸ್ಸಿನ ನಿರ್ವಾಹಕರು ಟಿಕೇಟಿನ ಬೆನ್ನಿಗೆ ಬಾಕಿ ಬರೆದುಕೊಡುತ್ತಾರೆ. ಇಳಿಯುವ ಅವಸರದಲ್ಲಿ ಅದು ಜೇಬಿನಲ್ಲೇ ಉಳಿದುಹೋಗುತ್ತದೆ. ಹತ್ತು ರೂಪಾಯಿಯ ನಾಣ್ಯ ಕೊಟ್ಟರೆ 'ಇದು ಇಲ್ಲಿ ನಡೆಯುವುದಿಲ್ಲ' ಎಂಬ ಉತ್ತರ. ಇವೆಲ್ಲ ದಿನನಿತ್ಯದ ಸಣ್ಣ ಕಿರಿಕಿರಿಗಳೆಂದು ನಾವು ನಕ್ಕು ಸುಮ್ಮನಾಗುತ್ತೇವೆ. ಪರಿಸರದ ಪತ್ರಿಕೆಯಲ್ಲಿ ಈ ವಿಷಯಕ್ಕೇನು ಕೆಲಸ ಎಂದು ಓದುಗರು ಕೇಳಬಹುದು. ಚಿಲ್ಲರೆಯ ಅಭಾವ ನಮ್ಮ ಮಣ್ಣನ್ನೂ ನಮ್ಮ ಕಾಡಿನ ಕಿರು ಉತ್ಪನ್ನಗಳನ್ನೂ ನೇರವಾಗಿ ತಟ್ಟುತ್ತಿದೆ ಎಂಬುದೇ ಈ ಲೇಖನದ ವಾದ.

ಮೊದಲು ಮಣ್ಣಿನ ಮಾತು. ಬೇಡದಿದ್ದರೂ ಕೈಸೇರಿದ ಚಾಕಲೇಟನ್ನು ಮಕ್ಕಳು ತಿನ್ನುತ್ತಾರೆ, ಹೊದಿಕೆ ರಸ್ತೆಯ ಅಂಚಿಗೆ ಬೀಳುತ್ತದೆ. ಬೇಸಿಗೆಯಲ್ಲಿ ಸೊಪ್ಪಿನಬೆಟ್ಟದಿಂದಲೂ ರಸ್ತೆಬದಿಯಿಂದಲೂ ದರಕನ್ನು ಗುಡಿಸಿ ತಂದು ಕೊಟ್ಟಿಗೆಗೆ ಹಾಸುವುದು ನಮ್ಮ ಪದ್ಧತಿ. ದರಕಿನ ಜೊತೆಗೆ ಆ ಹೊದಿಕೆಯೂ ಕೊಟ್ಟಿಗೆಗೆ, ಅಲ್ಲಿಂದ ಗೊಬ್ಬರಗುಂಡಿಗೆ, ಕೊನೆಗೆ ಅಡಿಕೆ ಮರದ ಬುಡಕ್ಕೆ ಸೇರುತ್ತದೆ. ಎಲೆಯನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳಿಗೆ ಪ್ಲಾಸ್ಟಿಕ್ ಪದರವಾಗಲಿ, ಅನೇಕ ಹೊದಿಕೆಗಳ ಮೇಲಿರುವ ಅಲ್ಯೂಮಿನಿಯಂ ಲೇಪವಾಗಲಿ ಆಹಾರವಲ್ಲ. ಬಿಸಿಲು ಮಳೆಗಳಿಗೆ ಸಿಕ್ಕಿ ಅದು ಚೂರಾಗುತ್ತದೆಯೇ ಹೊರತು ಮಣ್ಣಾಗುವುದಿಲ್ಲ. 2011ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳು ಗುಟ್ಕಾ ಮತ್ತು ಪಾನ್ ಮಸಾಲೆಗೆ ಪ್ಲಾಸ್ಟಿಕ್ ಪೊಟ್ಟಣ ಬಳಸುವುದನ್ನು ನಿಷೇಧಿಸಿದವು. 2022ರ ಜುಲೈ 1ರಿಂದ ಕ್ಯಾಂಡಿಯ ಪ್ಲಾಸ್ಟಿಕ್ ಕಡ್ಡಿಗೂ ನಿಷೇಧ ಬಂತು. ಆದರೆ ಚಿಲ್ಲರೆಯ ಸ್ಥಾನದಲ್ಲಿ ಕುಳಿತ ಚಾಕಲೇಟಿನ ಹೊದಿಕೆ ಆ ಪಟ್ಟಿಯಲ್ಲಿ ಇಲ್ಲ. ಅದನ್ನು ತಡೆಯುವ ಹೊಣೆ ಸದ್ಯಕ್ಕೆ ನಮ್ಮ ಮೇಲೆಯೇ ಇದೆ.

ಇನ್ನು ಸಂತೆಯ ಮಾತು. ಒಂದೆಲಗ, ಬಸಳೆ, ಕೆಸುವಿನ ಸೊಪ್ಪು, ಮುರುಗಲು ಸಿಪ್ಪೆ, ವಾಟೆಹುಳಿ, ಸೀಗೆಕಾಯಿ, ಅಂಟುವಾಳ ಇವು ಕ್ವಿಂಟಾಲಿನ ಲೆಕ್ಕದಲ್ಲಿ ಮಾರಾಟವಾಗುವ ಸರಕುಗಳಲ್ಲ. ಕಟ್ಟಿಗಿಷ್ಟು, ಬೊಗಸೆಗಿಷ್ಟು ಎಂದು ಮಾರುವವರು ಬಹುಮಟ್ಟಿಗೆ ಹೆಂಗಸರು. ಉದಾಹರಣೆಗೆ, ಒಂದು ಕಟ್ಟು ಸೊಪ್ಪಿಗೆ 15 ರೂಪಾಯಿ ಎನ್ನಿ. ಕೊಳ್ಳುವವರು 20ರ ನೋಟು ಚಾಚುತ್ತಾರೆ. ಮಾರುವವಳಲ್ಲಿ ಐದರ ನಾಣ್ಯವಿಲ್ಲ. 'ಹಾಗಾದರೆ ಇಪ್ಪತ್ತಕ್ಕೆ ಎರಡು ಕಟ್ಟು ಕೊಡಮ್ಮ' ಎಂಬಲ್ಲಿಗೆ ವ್ಯಾಪಾರ ಮುಗಿಯುತ್ತದೆ. ದಿನವಿಡೀ ಹೀಗೆಯೇ ನಡೆದು 20 ಕಟ್ಟು ಮಾರಿದರೆ 300 ರೂಪಾಯಿ ಬರಬೇಕಾದಲ್ಲಿ 200 ಬರುತ್ತದೆ. ಮೂರರಲ್ಲಿ ಒಂದು ಪಾಲು ಚಿಲ್ಲರೆಯ ಅಭಾವಕ್ಕೇ ಹೋಯಿತು. ಬಸ್ಸಿನ ಖರ್ಚೂ ಹುಟ್ಟದ ವ್ಯಾಪಾರವನ್ನು ಯಾರು ಎಷ್ಟು ದಿನ ಮಾಡಿಯಾರು? ಸಂತೆಗೆ ಬಾರದ ಗಿಡ ಮೆಲ್ಲಮೆಲ್ಲನೆ ಅಡುಗೆಮನೆಯಿಂದ ಮರೆಯಾಗುತ್ತದೆ. ಬಳಕೆ ತಪ್ಪಿದ ಗಿಡ ಬೇಲಿ ಸವರುವಾಗ ಮೊದಲು ಕತ್ತಿಗೆ ಸಿಗುತ್ತದೆ. ಜೀವವೈವಿಧ್ಯವನ್ನು ಉಳಿಸಬೇಕೆಂದು ಸಭೆಗಳಲ್ಲಿ ಮಾತನಾಡುವ ನಾವು ಅದನ್ನು ಬಳಕೆಯಲ್ಲಿಟ್ಟಿರುವ ಈ ಕಿರುವ್ಯಾಪಾರಕ್ಕೆ ಐದು ರೂಪಾಯಿಯ ನಾಣ್ಯವನ್ನು ಒದಗಿಸಲಾರದೆ ಹೋಗಿದ್ದೇವೆ.

ನಾಣ್ಯವನ್ನು ನಿರಾಕರಿಸುವುದಕ್ಕೆ ಕಾನೂನಿನ ಆಧಾರವಿಲ್ಲ. 2011ರ ನಾಣ್ಯ ಕಾಯಿದೆಯ ಪ್ರಕಾರ ಒಂದು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ನಾಣ್ಯಗಳು 1,000 ರೂಪಾಯಿಯವರೆಗಿನ ಪಾವತಿಗೆ ಸಿಂಧು. 2011ರ ಜೂನ್ 30ಕ್ಕೆ ಚಲಾವಣೆ ಕಳೆದುಕೊಂಡದ್ದು 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳು ಮಾತ್ರ. ನಾವು ಸತ್ತುಹೋಯಿತೆಂದುಕೊಂಡಿರುವ ಎಂಟಾಣೆಯೂ 10 ರೂಪಾಯಿಯವರೆಗಿನ ಪಾವತಿಗೆ ಇಂದಿಗೂ ಸಿಂಧು. ಹತ್ತರ ನಾಣ್ಯದ ಮೇಲೆ ಹತ್ತು ಗೆರೆಯಿದ್ದರೆ ಅಸಲಿ, ಹದಿನೈದಿದ್ದರೆ ನಕಲಿ ಎಂಬುದು ಬರಿಯ ಗಾಳಿಸುದ್ದಿ. ರೂಪಾಯಿಯ ಚಿಹ್ನೆ ಇಲ್ಲದವು ನಕಲಿ ಎಂಬುದೂ ಹಾಗೆಯೇ. ಆ ಚಿಹ್ನೆ ನಾಣ್ಯಗಳ ಮೇಲೆ ಮೂಡಿದ್ದೇ 2011ರಲ್ಲಿ. ಅದಕ್ಕೆ ಮುಂಚಿನವುಗಳಲ್ಲಿ ಇರುವುದಾದರೂ ಹೇಗೆ? ಅದುವರೆಗೆ ಹೊರಬಂದಿದ್ದ 14 ವಿನ್ಯಾಸಗಳೂ ಸಿಂಧುವೆಂದು ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಬ್ಯಾಂಕಿನ ಶಾಖೆಗಳು ನಾಣ್ಯಗಳನ್ನು ಸ್ವೀಕರಿಸಲೇಬೇಕು. ಖಾತೆಗೆ ಜಮಾ ಮಾಡುವ ನಾಣ್ಯಗಳಿಗೆ ಮಿತಿಯನ್ನೂ ವಿಧಿಸಿಲ್ಲ. ನಾಣ್ಯ ವಿತರಿಸುವ ಬ್ಯಾಂಕುಗಳಿಗೆ ಚೀಲವೊಂದಕ್ಕೆ ಕೊಡುವ ಪ್ರೋತ್ಸಾಹಧನವನ್ನು 2021ರ ಸೆಪ್ಟೆಂಬರ್ 1ರಿಂದ 25 ರೂಪಾಯಿಯಿಂದ 65ಕ್ಕೆ ಏರಿಸಲಾಗಿದೆ. ಆದ್ದರಿಂದ ಯಾವುದೇ ಶಾಖೆಯಲ್ಲಿ 'ನಾಣ್ಯ ಎಣಿಸಲು ಜನವಿಲ್ಲ' ಎಂಬ ಉತ್ತರ ಬಂದರೆ ಅದನ್ನು ಒಪ್ಪಿ ಹಿಂತಿರುಗಬೇಕಾಗಿಲ್ಲ.

ಎಲ್ಲ ದೋಷವನ್ನೂ ಅಂಗಡಿಯವರ ಮೇಲೆ ಹೊರಿಸುವುದೂ ನ್ಯಾಯವಲ್ಲ. ಬೆಳಗಿನ ಮೊದಲ ಗಿರಾಕಿಯೇ 500ರ ನೋಟು ಕೊಟ್ಟು ಬೆಂಕಿಪೊಟ್ಟಣ ಕೇಳಿದರೆ ಅವರಾದರೂ ಏನು ಮಾಡಬೇಕು? ನಾಣ್ಯಗಳು ಕಾಣೆಯಾಗಿರುವುದು ನಮ್ಮ ಮನೆಗಳಲ್ಲಿಯೇ. ದೇವರ ಮುಂದಿನ ಡಬ್ಬಿ, ಮಕ್ಕಳ ಹುಂಡಿ, ಬಟ್ಟೆಯ ಕಪಾಟಿನ ಮೂಲೆ, ದೇವಸ್ಥಾನದ ಕಾಣಿಕೆ ಪೆಟ್ಟಿಗೆ ಇವುಗಳಲ್ಲಿ ತಿಂಗಳುಗಟ್ಟಲೆ ನಿದ್ರಿಸುವ ನಾಣ್ಯ ಸಂತೆಗೆ ಇಲ್ಲದಂತೆಯೇ ಸರಿ. ಕೆರೆಯ ನೀರು ಕಾಲುವೆಗೆ ಇಳಿದಾಗ ಮಾತ್ರ ಗದ್ದೆಗೆ ಪ್ರಯೋಜನ. ಚಿಲ್ಲರೆಗೂ ಇದೇ ನ್ಯಾಯ.

ಯುಪಿಐ ಇರುವಾಗ ನಾಣ್ಯದ ಚಿಂತೆಯೇಕೆ ಎಂದು ವಿದ್ಯಾರ್ಥಿ ಮಿತ್ರರು ಕೇಳುವುದು ಸಹಜ. ಸಂಕೇತ ಸಿಗುವ ಊರುಗಳಲ್ಲಿ ಅದು ಬಹಳ ಅನುಕೂಲವಾದ ವ್ಯವಸ್ಥೆ. ಚಾಕಲೇಟಿನ ಕಾಟವನ್ನು ಕಡಿಮೆ ಮಾಡಿದ್ದೂ ಹೌದು. ಆದರೆ ಮಳೆಗಾಲದಲ್ಲಿ ಮರ ಬಿದ್ದು ಮೂರು ದಿನ ವಿದ್ಯುತ್ತಿಲ್ಲದ, ಗುಡ್ಡ ಹತ್ತಿದರಷ್ಟೇ ಸಂಕೇತ ಸಿಗುವ ಹಳ್ಳಿಗಳಿಗೆ ಅದೊಂದನ್ನೇ ನಂಬಿ ಕೂರುವುದು ಸಾಧ್ಯವಿಲ್ಲ. ಸೊಪ್ಪು ಮಾರುವ ಅಜ್ಜಿಯ ಹಣ ಮೊಮ್ಮಗನ ಖಾತೆಗೆ ಬಿದ್ದರೆ ಅದು ಅವಳ ಸೆರಗಿನ ಗಂಟಿಗೆ ಮರಳುವುದೆಂಬ ಭರವಸೆಯೂ ಇಲ್ಲ. ಎರಡು ವ್ಯವಸ್ಥೆಗಳೂ ಜೊತೆಯಾಗಿ ಇರಲಿ.

ಮಾಡಬಹುದಾದ ಕೆಲಸಗಳು ಸರಳವಾಗಿವೆ. ಮನೆಯ ಡಬ್ಬಿಯನ್ನು ತಿಂಗಳಿಗೊಮ್ಮೆ ಬರಿದುಮಾಡಿ ಊರಿನ ಅಂಗಡಿಗೇ ಕೊಟ್ಟು ನೋಟು ಪಡೆಯೋಣ. ದೇವಸ್ಥಾನದ ಸಮಿತಿಯವರು ಕಾಣಿಕೆ ಎಣಿಸಿದ ದಿನ ಹಾಲಿನ ಸಂಘ, ಸಹಕಾರ ಸಂಘ ಹಾಗೂ ಸ್ತ್ರೀಶಕ್ತಿ ಸಂಘಗಳಿಗೆ ಚಿಲ್ಲರೆಯನ್ನು ಹಂಚಲಿ. ಸಂತೆಗೆ ಹೊರಡುವಾಗ ಕೈಚೀಲದ ಜೊತೆಗೆ ಐದು, ಹತ್ತರ ನಾಣ್ಯಗಳೂ ಇರಲಿ. ಚಿಲ್ಲರೆಗೆ ಬದಲು ಚಾಕಲೇಟು ಚಾಚಿದರೆ 'ಲೆಕ್ಕದಲ್ಲಿ ಬರೆದುಕೊಳ್ಳಿ' ಎಂದು ವಿನಯದಿಂದ ಹೇಳೋಣ. ಚಾಕಲೇಟು ಕೊಟ್ಟವರು ನಾಳೆ ಅದೇ ಚಾಕಲೇಟನ್ನು ಹಣವೆಂದು ಸ್ವೀಕರಿಸುವುದಿಲ್ಲ ಎಂಬುದು ನೆನಪಿರಲಿ. ಶಾಲೆಯ ಪರಿಸರ ಸಂಘದ ಮಕ್ಕಳು ಮನೆಯ ಗೊಬ್ಬರಗುಂಡಿಯಿಂದ ಒಂದು ಬುಟ್ಟಿ ಗೊಬ್ಬರವನ್ನು ಜರಡಿ ಹಿಡಿದು ಅದರಲ್ಲಿ ಸಿಕ್ಕ ಹೊದಿಕೆಗಳನ್ನು ಎಣಿಸಿ ನೋಡಲಿ. ಆ ಲೆಕ್ಕವನ್ನು ಊರಿನ ಗ್ರಾಮಸಭೆಯ ಮುಂದಿಟ್ಟರೆ ಅದರ ತೂಕ ಯಾವ ಭಾಷಣಕ್ಕಿಂತಲೂ ಹೆಚ್ಚು.

ತೆನೆ ತೆನೆ ಕೂಡಿದರೆ ಬಳ್ಳ ಎಂದವರು ನಮ್ಮ ಹಿರಿಯರು. ಒಂದು ಕಟ್ಟು ಒಂದೆಲಗಕ್ಕೆ ಸಲ್ಲಬೇಕಾದ ಬೆಲೆ ಪೂರ್ತಿಯಾಗಿ ಸಲ್ಲುವ ಸಂತೆಯಲ್ಲಿ ಒಂದೆಲಗವೂ ಉಳಿಯುತ್ತದೆ, ಅದನ್ನು ಬಲ್ಲವರೂ ಉಳಿಯುತ್ತಾರೆ. ಮುಂದಿನ ಸಂತೆಯ ದಿನವೇ ಇದು ಆರಂಭವಾಗಲಿ.